ಗೋಡೆಯಾಚೆಯ ನಗು

ಟಿ.ವಿ. ಕೆಟ್ಟಿದೆಯೆಂದು ಶಿರಾಳಕೊಪ್ಪದ ರಿಪೇರಿಯವನಿಗೆ ಫೋನು ಮಾಡಲು ಹೊರಟಿದ್ದೆ. ಕಪ್ಪು ಬಿಳುಪಿನ ಸಿನಿಮಾ. ಪಿಯಾನೋ ಕುಟ್ಟುವ ಸದ್ದು ಬರುತ್ತಿದೆ, ಬಾಯಿಗಳು ಆಡುತ್ತಿವೆ, ಮಾತು ಮಾತ್ರ ಇಲ್ಲ. ವಾಲ್ಯೂಮು ಕೊನೆತನಕ ಏರಿಸಿದೆ, ರಿಮೋಟಿನ ಬೆನ್ನಿಗೆ ಎರಡು ಬಡಿದೆ. ಪಕ್ಕದ ಮನೆಯವರು ಇಣುಕಿದರು. ಅದು ಮೂಕಿ ಸಿನಿಮಾ ಎಂದು ಈ ಪದವೀಧರನಿಗೆ ಹೊಳೆಯುವಷ್ಟರಲ್ಲಿ ನನ್ನ ಹೆಂಡತಿ ವನಜ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು.

ಅವಳು ನನ್ನ ಜೊತೆ ಟಿ.ವಿ. ಮುಂದೆ ಕೂರುವುದನ್ನು ಬಿಟ್ಟು ಬಹಳ ದಿನವಾಯಿತು. ಕಿವಿ ಮಂದ. ಮೊದಮೊದಲು ನನ್ನ ಮುಖ ನೋಡಿಕೊಂಡು, ನಾನು ನಕ್ಕಲ್ಲಿ ನಗುತ್ತಿದ್ದಳು. ಒಂದು ದಿನ, "ಬ್ಯಾಡ್ರೀ. ಊರೆಲ್ಲ ನಕ್ಕು ಮುಗಿಸಿದ್ ಮೇಲೆ ನೀವು ನಗ್ತೀರಿ. ನಿಮ್ಮನ್ನ ನಂಬ್ಕಂಡು ನಾ ಯಾವಾಗ ನಗ್ಲಿ?" ಎಂದು ಎದ್ದು ಹೋದವಳು ಮತ್ತೆ ಬಂದಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಗಿತ್ತು. ಒಬ್ಬನೇ ಕೂತು ನಗುವುದು ಒಬ್ಬನೇ ಇಸ್ಪೀಟಾಡಿದ ಹಾಗೆ.

ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ ನೋಡಿ. ತಮಾಷೆ ನನ್ನ ತಲೆಗಿಳಿಯುವುದು ನಿಧಾನ. ಮದುವೆಯಾದ ಹೊಸತರಲ್ಲಿ ಸೊರಬದ ಟೆಂಟು ಸಿನಿಮಾಕ್ಕೆ ಹೋಗುತ್ತಿದ್ದೆವು. ಗಂಡ ಹೆಂಡತಿ ಜೊತೆಗೇ ಹೋದರೂ ಒಳಗೆ ಜೊತೆಗೆ ಕೂರುವ ಹಾಗಿರಲಿಲ್ಲ. ನಡುವೆ ಎದೆಮಟ್ಟದ ಗೋಡೆ. ಆ ಕಡೆ ಹೆಂಗಸರು, ಈ ಕಡೆ ಗಂಡಸರು. ಗೋಡೆಯಾಚೆ ವನಜಳ ನಗು ಕೇಳಿದ ಕೂಡಲೇ, ಓಹೋ, ಇಲ್ಲಿ ನಗಬೇಕು ಎಂದುಕೊಂಡು ನಾನೂ ನಗುತ್ತಿದ್ದೆ. ಜಡೆ ಊರಿನ ಬಸ್ಸಿನಲ್ಲಿ ವಾಪಸು ಬರುವಾಗ ಅದೇ ತಮಾಷೆಯನ್ನು ಅವಳಿಗೇ ಬಿಡಿಸಿ ಹೇಳುವ ಜಂಬ ಬೇರೆ. ಪಾಪ, ಕೇಳಿಸಿಕೊಳ್ಳುತ್ತಿದ್ದಳು.

ತೆರೆಯ ಮೇಲೆ ಸಣಕಲನೊಬ್ಬ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ. ಅಂಗಿಯ ತುದಿಯೆಂದು ತಿಳಿದು ಮೇಜಿನ ಬಟ್ಟೆಯನ್ನೇ ಪ್ಯಾಂಟಿಗೆ ಸಿಕ್ಕಿಸಿಕೊಂಡ. ವನಜ ಆಗಲೇ ನಕ್ಕುಬಿಟ್ಟಳು. ಇದರಲ್ಲೇನಿದೆ ನಗುವಂಥದ್ದು ಎಂದು ನಾನು ನೋಡುತ್ತಲೇ ಇದ್ದೆ. ಅವನು ಗತ್ತಿನಿಂದ ಎದ್ದು ಹೊರಟ. ತಟ್ಟೆ, ಲೋಟ, ಸಾರಿನ ಪಾತ್ರೆ ಎಲ್ಲವೂ ಅವನ ಹಿಂದೆ ಹೊರಟವು. ಆಗ ನಕ್ಕೆ.

ವನಜ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲಿ ಕೂತಳು. "ಟೆಂಟಲ್ಲೂ ಹಿಂಗೇ. ನಾ ನಕ್ಕ ಮೇಲೇ ನೀವು ನಗೋದು."

"ನಿಂಗೆ ಗೊತ್ತಿತ್ತಾ?" ಅವಳ ಕಿವಿಯ ಹತ್ತಿರ ಬಗ್ಗಿ ಕೇಳಿದೆ.

"ಗೊತ್ತಿಲ್ದೆ ಏನ್ರೀ? ಅದಕ್ಕೇ ಅಷ್ಟು ಜೋರಾಗಿ ನಗ್ತಿದ್ದೆ. ಹೆಂಗಸ್ರೆಲ್ಲ ನನ್ನೇ ತಿರುಗಿ ನೋಡೋರು. ಆ ಕಡೆ ನಿಮಗೆ ಕೇಳ್ಬೇಕಲ್ಲ."

ನಾನು ರಿಮೋಟು ತೆಗೆದುಕೊಂಡು ಪಿಯಾನೋದ ಸದ್ದನ್ನು ಪೂರ್ತಿ ಅಡಗಿಸಿದೆ. ಆಮೇಲೆ ಸಿನಿಮಾ ಬಿಟ್ಟು ಅವಳ ಮುಖವನ್ನೇ ನೋಡುತ್ತ ಕೂತೆ, ಎಲ್ಲಿ ನಗಬೇಕೆಂದು ತಿಳಿಯಬೇಕಲ್ಲ.