ಗಿಳಿ ಓಡಿಸುವ ನನ್ನ ಬ್ಲ್ಯಾಕ್ ಮೆಟಲ್

ಗೆಳೆಯರೇ, ನಿನ್ನೆ ಮತ್ತೆ ಅದೇ ಕೆಟ್ಟ ಕನಸು. ನನ್ನ ಹಾಡು ಶುರುವಾದ ಕೂಡಲೇ ಕೂತವರೆಲ್ಲ ಎದ್ದು ಹೋಗುತ್ತಾರೆ. ಮನೆಯ ಕೋಣೆಯಲ್ಲಿ ಒಬ್ಬನೇ ಗಿಟಾರ್ ಬಾರಿಸಿ, ಕಿರುಚಿ ರೆಕಾರ್ಡ್ ಮಾಡಿದ ಆ ಬ್ಲ್ಯಾಕ್ ಮೆಟಲ್ ಹಾಡನ್ನು ನೆಟ್‌ಗೆ ಹಾಕಿ ಎರಡು ವರ್ಷವಾಯಿತು. ಕೇಳಿದವರು ಯಾರೂ ಇಲ್ಲ. ಸೋದರಮಾವನ ಫೋನಿಗೂ ಕಳಿಸಿದ್ದೆ.

ಇವತ್ತು ಕುಷ್ಟಗಿ ಹತ್ತಿರ ಮಾವನ ದಾಳಿಂಬೆ ತೋಟಕ್ಕೆ ಹೋದರೆ, ಗಿಳಿ ಓಡಿಸಲು ಕಟ್ಟಿದ ಮೈಕಿನಲ್ಲಿ ನನ್ನದೇ ಕಿರುಚಾಟ!

“ಭಾಳ ಛಲೋ ಐತೋ ಅಳಿಯಾ! ಪಟಾಕ್ಷಿಗೂ ಅಂಜದ ಗಿಳಿ ನಿನಗ ಅಂಜತಾವ,” ಅಂದ ಮಾವ. “ಆದ್ರ ಕಡೀದು ಒಂದೀಟು ಕತ್ತರಿಸಿ ಕೊಡು. ಅಲ್ಲಿ ನಮ್ಮಕ್ಕ ನಿನ್ನ ಉಣ್ಣಾಕ ಕರೀತಾಳ. ಆ ದನಿ ಬಂತಂದ್ರ ಎಲ್ಲಾ ತಿರುಗಿ ಬಂದು ಕುಂದರ್ತಾವ.”

ಅವ್ವ ತೀರಿಕೊಂಡು ವರ್ಷವಾಯಿತು. ಅವಳ ದನಿ ಅದರಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದು ಮತ್ತೆ ಮತ್ತೆ ಕೇಳಿದೆ. ನನ್ನ ಕಿರುಚಾಟ ಬಿಟ್ಟರೆ ಏನೂ ಇಲ್ಲ. ಗಿಳಿಗೆ ಕೇಳಿದ್ದು ನನಗೆ ಕೇಳುತ್ತಿಲ್ಲ. ಹಾಡು ಮೆಚ್ಚುವುದು ಬೇಡ, ಯಾರಾದರೂ ಕೊನೆಯ ಭಾಗವನ್ನಷ್ಟೇ ಒಮ್ಮೆ ಕೇಳಿ, ಅವ್ವ ಕರೆಯುತ್ತಿರುವುದು ಹೌದಾ, ಹೇಳಿ.