ಕೋಕೋ ರಫ್ತಿನ ಗೆರೆಯಿಂದ ತೆಗೆಸಿದ ಚುಕ್ಕೆ

ಸುಮಂಗಲಾ, ಆ ಅಂಕಿಯನ್ನು ಹಾಕಿಸಿದವನು ನಾನು. ಪರೀಕ್ಷಕರು ಕೇಳಿದಾಗ ನೀನು 'ನಾನೇ' ಎಂದೆ, ನಾನು ಸುಮ್ಮನೆ ಕುಳಿತಿದ್ದೆ. ಹನ್ನೊಂದು ವರ್ಷಗಳಿಂದ ಸುಮ್ಮನೆ ಕುಳಿತಿದ್ದೇನೆ.

ಇದನ್ನು ಕೇಳುವ ಉಳಿದವರಿಗೂ ತಿಳಿಯಲಿ ಎಂದು ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೇ ಮತ್ತೆ ಬರುತ್ತದೆ — ಸಹಿಸಿಕೋ. ನಾನು ಆಗ ಪುಣೆಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ. ನೀನು ಪ್ರತಿ ಶನಿವಾರ ಬಾರಾಮತಿಯಿಂದ ಎಸ್.ಟಿ. ಬಸ್ಸು ಹಿಡಿದು ಬರುತ್ತಿದ್ದ ನನ್ನ ಪಿಎಚ್.ಡಿ. ವಿದ್ಯಾರ್ಥಿನಿ. ಪಶ್ಚಿಮ ಆಫ್ರಿಕಾದ ಒಂದು ದೇಶದ ಕೋಕೋ ರಫ್ತು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಎಂಬುದು ನಿನ್ನ ವಿಷಯ. ಕೋಕೋ ಗಿಡವನ್ನು ನಾವಿಬ್ಬರೂ ಕಂಡವರಲ್ಲ; ಪೇಢೆ ತಿಂದು ಬೆಳೆದ ಮಂದಿ. ವಿಷಯ ಕೊಟ್ಟವನು ನಾನು. ಆ ರಫ್ತು ಒಂದು ನೇರ ಗೆರೆಯ ಮೇಲೆ, ತಪ್ಪದೆ, ಏರುತ್ತ ಹೋಗಿದೆ ಎಂದು ನಾನು ಹಿಂದೆ ಲೇಖನ ಬರೆದಿದ್ದೆ. ಆ ಲೇಖನದಿಂದಲೇ ನನಗೆ ಬಡ್ತಿ ಬಂದಿತ್ತು. ನಾಲ್ಕು ಜನ ನನ್ನನ್ನು ಗುರುತಿಸಿದ್ದೂ ಅದರಿಂದಲೇ.

ಕಂಪ್ಯೂಟರು ಬಂದ ಮೇಲೂ ನನ್ನ ಹಳೆಯ ರೂಢಿ ಬಿಟ್ಟಿರಲಿಲ್ಲ: ಕಾಗದದ ಮೇಲಿನ ಚುಕ್ಕೆಗಳ ನಡುವೆ ಕರಿ ದಾರ ಎಳೆದು ಹಿಡಿದು, ಗೆರೆ ಎತ್ತ ಹೋಗುತ್ತದೆ ಎಂದು ನೋಡುವುದು. ಹೆಂಡತಿ ಹೊಲಿಗೆ ಡಬ್ಬಿಯಿಂದ ದಾರ ಹರಿದು ಕೊಡುತ್ತ ಕಾಡುತ್ತಿದ್ದಳು, "ನಿಮ್ಮ ದಾರಕ್ಕ ಅಂಜಿ ಆ ದೇಶದ ಮಂದಿ ಬೆಳೀ ತಗೀತಾರೇನ್ರಿ?"

ಆ ಶನಿವಾರ ನಿನ್ನ ಕಾಗದದ ಮೇಲೆ ದಾರ ಹಿಡಿದೆ. ಒಂದು ವರ್ಷದ ಚುಕ್ಕೆ ದಾರದಿಂದ ಬಹಳ ಕೆಳಗೆ ಬಿದ್ದಿತ್ತು.

"ಅಚ್ಚಿನ ತಪ್ಪ ಅದ ಇದು," ಎಂದೆ. "ಹಿಂದಿನ ವರ್ಷದ್ದು, ಮುಂದಿನ ವರ್ಷದ್ದು ಕೂಡಿಸಿ ಅರ್ಧಾ ಮಾಡಿ ಹಾಕು."

ನೀನು ಇನ್ನೊಂದು ಹಾಳೆ ಬಿಚ್ಚಿದೆ. "ತಪ್ಪಲ್ರಿ ಸರ್. ಬಾಜೂ ದೇಶದ್ದು ನೋಡ್ರಿ. ಇಲ್ಲಿ ಎಷ್ಟು ಇಳದದ, ಅಲ್ಲಿ ಹೆಚ್ಚುಕಮ್ಮಿ ಅಷ್ಟ ಏರೇದ. ಆ ವರ್ಷ ಅಲ್ಲೆ ರೇಟ್ ಭಾಳ ಛಲೋ ಇತ್ರಿ. ಬೀಜ ಗಡಿ ದಾಟಿ ಹೋಗ್ಯಾವ."

ನೀನು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಇದನ್ನು ಒಪ್ಪಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ. ನಾನು ಬೆಳಗಾವಿ ಕಡೆಯವನು. ದರ ನೋಡಿ ಕಬ್ಬಿನ ಟ್ರ್ಯಾಕ್ಟರುಗಳು ಈಚೆಯಿಂದ ಆಚೆಗೆ ಗಡಿ ದಾಟುವುದನ್ನು ನೋಡುತ್ತಲೇ ದೊಡ್ಡವನಾದೆ. ನಿನ್ನ ಅಪ್ಪ ನಮ್ಮ ಕಡೆಯಿಂದಲೇ ಬಾರಾಮತಿಗೆ ಹೋಗಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವವರು. ಇಂಥದು ನಮ್ಮಿಬ್ಬರಿಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು? ಆದರೆ ಒಂದು ವರ್ಷ ಬೀಜ ಆಚೆ ಹೋಗಿದ್ದರೆ, ಉಳಿದ ವರ್ಷಗಳಲ್ಲಿ ಆಚೆಯ ಬೀಜ ಈಚೆ ಬಂದಿರಬಹುದು. ಆಗ ನನ್ನ ನೇರ ಗೆರೆ ಆ ದೇಶದ ಬೆಳೆಯದ್ದೇ ಅಲ್ಲ, ಆ ಲೇಖನ —

"ನನ್ನ ಮಾತ ಕೇಳು," ಎಂದೆ. ನೀನು ಕೇಳಿದೆ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಮೂಲ ಕೋಷ್ಟಕವನ್ನೇ ತಂದಿದ್ದರು. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಆ ವರ್ಷದ ಮೇಲೆ ಬೆರಳಿಟ್ಟು ಮರಾಠಿಯಲ್ಲಿ ಕೇಳಿದರು, "ಹಾ ಆಕಡಾ ಕೋಣೀ ಟಾಕಲಾ?" ಈ ಅಂಕಿ ಯಾರು ಹಾಕಿದ್ದು?

ನೀನು ನನ್ನ ಕಡೆ ನೋಡಿದೆ. ನಾನು ಮೇಜಿನ ಮೇಲಿನ ಚಹಾದ ಕಪ್ಪು ನೋಡಿದೆ. "ಮೀ ಟಾಕಲಾ, ಸರ್," ನಾನೇ ಹಾಕಿದ್ದು, ಎಂದೆ ನೀನು.

ಅಂಕಿ ತಿದ್ದಿದ್ದಾಳೆ ಎಂದು ಬರೆದು ಪ್ರಬಂಧವನ್ನು ತಳ್ಳಿಹಾಕಿದರು. ಆ ಟಿಪ್ಪಣಿಯ ಕೆಳಗೆ ಮಾರ್ಗದರ್ಶಕನೆಂದು ನಾನೂ ಸಹಿ ಮಾಡಿದೆ. ಬಾರಾಮತಿಯ ಕಾಲೇಜಿನಲ್ಲಿ ನಿನಗಾಗಿ ಕಾದಿದ್ದ ಉಪನ್ಯಾಸಕಿಯ ಕೆಲಸ ಹೋಯಿತು. ಹೊರಗೆ, ಮೆಟ್ಟಿಲ ಬಳಿ, ನೀನು ಬೈಯಲಿಲ್ಲ, ಅಳಲೂ ಇಲ್ಲ. "ನೀವು ಏನರ ಅಂತೀರಿ ಅಂತ ಕಾಯ್ದೆ ಸರ್," ಎಂದಷ್ಟೇ ಹೇಳಿ ಬಸ್ಸಿಗೆ ಹೋದೆ. ಅದಾದ ಮೇಲೆ ನೀನು ನನ್ನ ಹತ್ತಿರ ಬರಲಿಲ್ಲ. ಬರಲಿ ಎಂದು ನಾನು ಕರೆಯಲೂ ಇಲ್ಲ.

ನೀನೀಗ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯ ಸ್ಟೋರಿನಲ್ಲಿ ಡ್ರಮ್ಮುಗಳ ಲೆಕ್ಕ ಬರೆಯುತ್ತೀ ಎಂದು ಕೇಳಿದೆ. ಇತ್ತ ಚಾಕೊಲೇಟು ತುಟ್ಟಿಯಾಗಿ, ಕೋಕೋ ಬೀಜ ಗಡಿ ದಾಟುವ ಸುದ್ದಿ ಪತ್ರಿಕೆಗಳಲ್ಲೇ ಬರುತ್ತಿದೆ. ಅಂದು ನೀನು ಹೇಳಿದ್ದನ್ನು ಈಗ ದೊಡ್ಡ ದೊಡ್ಡವರು ಹೇಳುತ್ತಾರೆ. ಓದಿದಾಗೆಲ್ಲ ನನಗೆ ನಾಚಿಕೆಯಾಗುತ್ತದೆ. ಇಷ್ಟಾದರೂ ಆಗಬೇಕಲ್ಲ, ಆಗುತ್ತದೆ.

ಬರುವ ಭಾನುವಾರ ಇಲ್ಲೇ ಪುಣೆಯ ವಾಕಡದ ಒಂದು ಸಭಾಗೃಹದಲ್ಲಿ ಹಳೆಯ ವಿದ್ಯಾರ್ಥಿಗಳು ನನಗೆ ಸನ್ಮಾನ ಇಟ್ಟಿದ್ದಾರೆ. ಅಭಿನಂದನ ಗ್ರಂಥದ ಮೊದಲ ಪುಟಗಳಲ್ಲಿ ಅದೇ ಲೇಖನವನ್ನು ಅಚ್ಚು ಹಾಕಲಿದ್ದರು. ಬೇಡವೆಂದು ಹೇಳಿದ್ದೇನೆ. ಅಂಕಿ ಹಾಕಿಸಿದವನು ನಾನೆಂದು ವಿಶ್ವವಿದ್ಯಾಲಯಕ್ಕೂ ಬರೆದಿದ್ದೇನೆ, ಉತ್ತರ ಬಂದಿಲ್ಲ. ಬಂದರೂ ನಿನ್ನ ಹನ್ನೊಂದು ವರ್ಷಗಳನ್ನು ಅವರು ಎಲ್ಲಿಂದ ತಂದಾರು? ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ನೀನು ಬರಬೇಕೆಂದೂ ಕರೆಯುತ್ತಿಲ್ಲ.

ಶಾಲು ಹೊದಿಸುವ ಮೊದಲೇ ಎದ್ದು ನಿಂತು ಈ ಕಾಗದ ಓದುತ್ತೇನೆ. ಅಲ್ಲಿ ಕನ್ನಡ ಬಾರದವರೇ ಹೆಚ್ಚು. ಅವರಿಗಾಗಿ ನಿನ್ನ ಹೆಸರು ಹೇಳಿ, ಪರೀಕ್ಷಕರ ಪ್ರಶ್ನೆ ಹೇಳಿ, ನಾನು ಅಂದು ಕೊಡಬೇಕಿದ್ದ ಉತ್ತರವನ್ನು ಮರಾಠಿಯಲ್ಲೇ ಹೇಳುತ್ತೇನೆ: "ಮೀ ಟಾಕಲಾ."