ಅತ್ತೆಯ ದಾಳಿಂಬೆಗೆ ಅಳಿಯನ ಕಲ್ಲು

ಹಲ್ಲಿನ ಸೆಟ್ಟು ಕಟ್ಟುವುದು ಅವನ ಕಸುಬು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವನು ಮನೆಯ ಹಿಂದುಗಡೆಯ ಕೋಣೆಯಲ್ಲಿ ಕುಳಿತು ಅದಕ್ಕೆ ತಕ್ಕ ಹಲ್ಲು ಜೋಡಿಸಿ, ಉಜ್ಜಿ, ಹೊಳಪು ಕೊಟ್ಟು ಹಿಂದಕ್ಕೆ ಕಳಿಸುತ್ತಾನೆ. ಬೀದಿಯಲ್ಲಿ ಎಲ್ಲರಿಗೂ ಅವನು ಹಲ್ಲಣ್ಣ. ಅಲ್ಲಿನ ಎಷ್ಟೋ ಮುದುಕರ ನಗು ಅವನ ಕೈಯಲ್ಲಿ ಹುಟ್ಟಿದ್ದೇ. ಯಾರಾದರೂ ಎದುರಿಗೆ ಬಂದು ನಕ್ಕರೆ ಅವನು ಅವರ ಮುಖ ನೋಡುವುದಿಲ್ಲ. ಎಡಗಡೆಯ ಕೋರೆಹಲ್ಲು ಕೂದಲೆಳೆಯಷ್ಟು ಮುಂದೆ ಬಂದಿದೆಯಲ್ಲ ಎಂದು ಒಳಗೊಳಗೇ ಕೊರಗುತ್ತಾನೆ.

ಕೆಲಸದಲ್ಲಿ ಎರಡು ಮಾತಿಲ್ಲ. ಆದರೆ ನಿಧಾನ. ಸ್ವಂತ ಅತ್ತೆಗೆ ಹಲ್ಲು ಕಟ್ಟುವಾಗ "ಇನ್ನೊಂದೇ ಒಂದ್ಸಲ ಉಜ್ಜಿ ಕೊಡ್ತೀನಿ" ಎನ್ನುತ್ತಲೇ ಆ ಹೆಂಗಸಿಗೆ ಒಂದು ಇಡೀ ಚಳಿಗಾಲ ಗಂಜಿ ಕುಡಿಸಿದ್ದ. ಕೊನೆಗೆ ಹಲ್ಲು ಬಾಯಿಗೆ ಬಂದಾಗ ಅತ್ತೆ ಮೊದಲು ಕಚ್ಚಿದ್ದು ಅಳಿಯನನ್ನೇ, ಮಾತಿನಲ್ಲಿ.

ಮಾವ ತೀರಿಕೊಂಡ ಮೇಲೆ ಅತ್ತೆ ಮಗಳ ಮನೆಗೆ ಬಂದರು. ಬರುವಾಗ ತಂದದ್ದು ಒಂದು ಪೆಟ್ಟಿಗೆ, ಒಂದು ಮರ. ಮರವೆಂದರೆ ಮೊಣಕೈಯುದ್ದದ ದಾಳಿಂಬೆ. ಮಾವ ಅದನ್ನು ಅಗಲವಾದ, ಆಳವಿಲ್ಲದ ಕುಂಡದಲ್ಲಿ ನೆಟ್ಟು, ಕೊಂಬೆಗಳನ್ನು ಕತ್ತರಿಸಿ, ತಂತಿಯಿಂದ ಬಗ್ಗಿಸಿ, ವಯಸ್ಸಾದರೂ ಎತ್ತರವಾಗದಂತೆ ಸಾಕಿದ್ದರು. ಕಾಂಡ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತ್ತು. ಅತ್ತೆ ಅದನ್ನು ಕರೆಯುತ್ತಿದ್ದುದು "ಏನ್ರೀ" ಎಂದು. "ಏನ್ರೀ, ಬಿಸಿಲು ಸಾಕಾ?" "ಏನ್ರೀ, ಈ ವರ್ಷಾನೂ ಹೂ ಬಿಡೋದಿಲ್ವಾ, ಏನು ಧಿಮಾಕು ನಿಮ್ದು!" ಈ ಮನೆಯಲ್ಲಿ "ಏನ್ರೀ" ಎಂಬ ಕೂಗು ಕೇಳಿದ ಕೂಡಲೇ ಹಲ್ಲಣ್ಣ ಓಗೊಡುವಂತಿರಲಿಲ್ಲ. ಹೆಂಡತಿ ತನ್ನನ್ನು ಕರೆದಳೋ, ಅತ್ತೆ ಮರವನ್ನು ಕರೆದರೋ ಎಂದು ತಿಳಿಯಲು ಒಂದು ಗಳಿಗೆ ಕಾಯಬೇಕಾಗಿತ್ತು.

ಆ ಮರ ಸೊರಗತೊಡಗಿತು. ಎಲೆ ಹಳದಿಯಾಗಿ ಉದುರಿತು. ನೀರು ಹಾಕಿದರೆ ಕುಂಡದ ಮೇಲೆ ಕೆರೆಯಂತೆ ನಿಂತುಬಿಡುತ್ತಿತ್ತು. ಹಲ್ಲಣ್ಣ ನರ್ಸರಿಯವನನ್ನು ಕರೆತಂದು ತೋರಿಸಿದ. ಅವನು ಮಣ್ಣಿಗೆ ಬೆರಳು ಚುಚ್ಚಲು ನೋಡಿದ, ಬೆರಳು ಇಳಿಯಲಿಲ್ಲ.

"ಇದು ಮಣ್ಣಲ್ಲ, ಇಟ್ಟಿಗೆ. ಒಳಗೆ ಬೇರು ಕೊಳೀತಾ ಇದೆ. ಚಳಿ ಕಳೆದು ಚಿಗುರು ಕಣ್ಣು ಬಿಡೋ ಮುಂಚೆ ಇದನ್ನೆಲ್ಲ ತೆಗೆದು ಕಲ್ಲು ಹಾಕಿ. ಈ ಸಲ ತಪ್ಪಿದ್ರೆ ಮುಂದಿನ ಸಲ ಅನ್ನೋದು ಇದಕ್ಕಿಲ್ಲ."

"ಕಲ್ಲಾ?" ಎಂದರು ಅತ್ತೆ.

"ಹೂಂ ಅಮ್ಮ, ಸಣ್ಣ ತೂತು ತೂತಿನ ಹಗುರ ಕಲ್ಲು. ನೀರು ಕುಡಿದು ಇಟ್ಕೋಬೇಕು, ಮಿಕ್ಕಿದ್ದನ್ನ ಬಿಟ್ಟುಬಿಡಬೇಕು. ಪ್ಯೂಮಿಸ್ ಅಂತ ಬರುತ್ತೆ. ನನ್ನ ಹತ್ರ ಇಲ್ಲ, ನೀವೇ ಹುಡುಕ್ಬೇಕು."

ಹಲ್ಲಣ್ಣನ ಮುಖ ಅರಳಿತು. ಪ್ಯೂಮಿಸ್ ಎಂದರೆ ಜ್ವಾಲಾಮುಖಿ ಉಗುಳಿದ ನೊರೆ ಗಟ್ಟಿಯಾಗಿ ಆದ ಕಲ್ಲು. ಅದರ ಪುಡಿಯಿಂದಲೇ ಅವನು ದಿನವೂ ಹಲ್ಲಿಗೆ ಹೊಳಪು ಕೊಡುತ್ತಿದ್ದುದು! "ಊರೆಲ್ಲ ಯಾಕೆ ಹುಡುಕ್ಬೇಕು? ನನ್ನ ಕೋಣೇಲಿ ಒಂದು ಚೀಲ ಬಿದ್ದಿದೆ. ಅತ್ತೆ, ನಿಮ್ಮ ಮರದ ಜವಾಬ್ದಾರಿ ನಂದು."

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಕೈಗೆ ಕೊಡ್ತೀನಿ ಅಳಿಯಂದ್ರೇ. ಅವರು ಬಿಟ್ಟು ಹೋಗಿದ್ದು ಇದೊಂದೇ. ನೆನಪಿರ್ಲಿ."

ಪುಣ್ಯಕ್ಕೆ ಅವನು ಮೊದಲು ಕೈಯಿಟ್ಟದ್ದು ಹೆಂಡತಿಯ ಸೇವಂತಿಗೆಯ ಮೇಲೆ. ಪರೀಕ್ಷೆಗೆಂದು ಅದನ್ನು ಕಿತ್ತು ಹೊಸ ಕುಂಡದಲ್ಲಿಟ್ಟು, ಸುತ್ತ ಪ್ಯೂಮಿಸ್ ಪುಡಿಯನ್ನು ತುಂಬಿ ನೀರು ಹುಯ್ದ. ಹಲ್ಲಿನ ಅಚ್ಚಿಗೆ ಗಾರೆ ಹುಯ್ಯುವಾಗ ಒಳಗೆ ಒಂದು ಗುಳ್ಳೆಯೂ ಉಳಿಯಬಾರದೆಂದು ಅದನ್ನು ಗಡಗಡ ಅಲುಗುವ ಒಂದು ಪುಟ್ಟ ಯಂತ್ರದ ಮೇಲೆ ಇಡುವುದು ರೂಢಿ. ಕೈ ರೂಢಿಯಂತೆ ನಡೆಯಿತು. ಕುಂಡವೂ ಆ ಯಂತ್ರವನ್ನೇರಿತು. ಗುಳ್ಳೆಗಳೆಲ್ಲ ಬುಳಬುಳನೆ ಮೇಲೆದ್ದು ಒಡೆದು, ಪುಡಿ ಬೇರಿನ ಸಂದುಸಂದಿಗೂ ಇಳಿದು, ಮೇಲ್ಭಾಗ ಕನ್ನಡಿಯಂತೆ ನಯವಾಯಿತು. ಹಲ್ಲಣ್ಣ ಅದರ ಮೇಲೆ ಬೆರಳಾಡಿಸಿ ತೃಪ್ತಿಪಟ್ಟ. ವಾರ ತುಂಬುವ ಮೊದಲೇ ಸೇವಂತಿಗೆ ತಲೆ ಬಾಗಿಸಿ ನಿಂತಲ್ಲೇ ಸತ್ತಿತು.

ಕುಂಡವನ್ನು ಕಂಡ ನರ್ಸರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಗಾಳೀನೇ ತೆಗೆದುಬಿಟ್ರಾ? ಅಯ್ಯೋ ಹಲ್ಲಣ್ಣ, ಕಲ್ಲು ಹಾಕೋದೇ ಗಾಳಿಗೋಸ್ಕರ! ಕಾಳು ಕಾಳು ಇರ್ಬೇಕು, ಕಾಳಿಗೂ ಕಾಳಿಗೂ ನಡುವೆ ಸಂದು ಇರ್ಬೇಕು. ನೀವು ಗಿಡಕ್ಕೆ ಸಮಾಧಿ ಕಟ್ಟಿದೀರಲ್ಲ!"

ಜೀವಮಾನವೆಲ್ಲ ಹಲ್ಲಣ್ಣ ಸಂದು ಮುಚ್ಚಿಯೇ ಅನ್ನ ಸಂಪಾದಿಸಿದ್ದ. ಹಲ್ಲಿಗೂ ವಸಡಿಗೂ ನಡುವೆ ಒಂದು ಸಾಸಿವೆಕಾಳು ಹೋಗುವಷ್ಟು ಜಾಗವಿದ್ದರೂ ನಿದ್ದೆ ಬಾರದ ಮನುಷ್ಯ ಅವನು. ಸೇವಂತಿಗೆಯ ಜಾಗದಲ್ಲಿ ದಾಳಿಂಬೆ ಇದ್ದಿದ್ದರೆ?

ಅಂದಿನಿಂದ ಶುರುವಾಯಿತು ಕಲ್ಲಿನ ಬೇಟೆ. ಅವನ ಹೆಂಡತಿ ಕಾರು ಓಡಿಸುವುದನ್ನು ಕಲಿಸುವವಳು. ಪಾಠಕ್ಕೆ ಬಂದವರನ್ನು ಅವಳು ಗಂಡನಿಗೆ ಬೇಕಾದ ದಿಕ್ಕಿಗೇ ಓಡಿಸಿದಳು. ಕಾಲಿನ ಹಿಮ್ಮಡಿ ಉಜ್ಜುವ ಕಲ್ಲು ಸೌಂದರ್ಯದ ಅಂಗಡಿಯಿಂದ ಬಂತು. ಅದೂ ಪ್ಯೂಮಿಸ್ಸೇ, ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಬಡಿದರೆ ಕಾಳಾಗುತ್ತಿತ್ತು. ಮೀನಿನ ತೊಟ್ಟಿ ಮಾರುವವನ ಬಳಿ ಕೆಂಪು ಲಾವಾ ಕಲ್ಲು ಸಿಕ್ಕಿತು. ಕಟ್ಟಡದ ಕೆಲಸ ನಡೆಯುವಲ್ಲಿಂದ ಇಟ್ಟಿಗೆ ಚೂರು ಬಂತು. ಬೆಕ್ಕು ಕಕ್ಕಸಿಗೆ ಕೂರುವ ತಟ್ಟೆಗೆ ಹಾಕುವ ಸುಟ್ಟ ಜೇಡಿಮಣ್ಣಿನ ಕಾಳು ಒಳ್ಳೆಯದೆಂದು ಯಾರೋ ಹೇಳಿದ್ದರಿಂದ, ಹಲ್ಲಣ್ಣ ಸಾಕುಪ್ರಾಣಿಗಳ ಅಂಗಡಿಗೂ ಹೋದ.

"ಯಾವ ಜಾತಿ ಬೆಕ್ಕು?" ಎಂದು ಕೇಳಿದಳು ಅಂಗಡಿಯವಳು.

"ದಾಳಿಂಬೆ" ಎಂದುಬಿಟ್ಟ.

ಅವಳು ಚೀಲವನ್ನು ದೂರದಿಂದಲೇ ತಳ್ಳಿದಳು.

ಮನೆಯ ಜರಡಿಗಳೆಲ್ಲ ಒಂದೊಂದಾಗಿ ಕಾಣೆಯಾದವು. ಚಹಾ ಸೋಸುವ ಜರಡಿಯಲ್ಲಿ ದೂಳು, ಹಿಟ್ಟಿನ ಜರಡಿಯಲ್ಲಿ ನುಚ್ಚು, ದೊಡ್ಡದರಲ್ಲಿ ಬೇಕಾದ ಕಾಳು. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಲೋಟಗಳು ಸಾಲುಗಟ್ಟಿದವು. ಒಂದೊಂದರಲ್ಲಿ ಒಂದೊಂದು ಕಲ್ಲು ನೆನೆಯುತ್ತಿತ್ತು. ಪ್ಯೂಮಿಸ್ ಮೊದಲು ತೇಲಿ, ನೀರು ಕುಡಿದ ಮೇಲೆ ಗಂಭೀರವಾಗಿ ಮುಳುಗಿತು. ಲಾವಾ ಕಲ್ಲು ನೇರ ತಳ ಕಂಡಿತು. ಅದು ಕುಡಿದ ನೀರು ಅಷ್ಟಕ್ಕಷ್ಟೆ, ಆದರೆ ಎಷ್ಟು ಕುಲುಕಿದರೂ ಜಪ್ಪಯ್ಯ ಎನ್ನಲಿಲ್ಲ. ಬೆಕ್ಕಿನ ಕಾಳು ಒಂದು ಕಂಪನಿಯದು ಗಟ್ಟಿಯಾಗಿ ನಿಂತಿತು, ಇನ್ನೊಂದರದು ಬೆಳಗಾಗುವುದರಲ್ಲಿ ಅಂಬಲಿಯಾಯಿತು. ಇಟ್ಟಿಗೆ ಅಂಚು ಬಿಟ್ಟು ನೀರನ್ನು ಕೆಂಪಾಗಿಸಿತು. ಚಳಿಗೆ ಯಾವುದು ಬಿರಿಯುತ್ತದೆಂದು ತಿಳಿಯಲು ಎಲ್ಲವನ್ನೂ ಫ್ರಿಜ್ಜಿನ ಐಸ್ ತಟ್ಟೆಯಲ್ಲಿ ಇಟ್ಟು ನೋಡಿದ್ದೂ ಆಯಿತು. ಮನೆಗೆ ಬಂದ ಪಕ್ಕದ ಮನೆಯವರು ನಿಂಬೆ ಶರಬತ್ತಿನ ಕೊನೆಯ ಗುಟುಕಿನಲ್ಲಿ ಇಟ್ಟಿಗೆ ಚೂರು ಸಿಕ್ಕಾಗ, ಮರ್ಯಾದೆಗೆ ಅದನ್ನು ಬಾಯಲ್ಲೇ ಇಟ್ಟುಕೊಂಡು ಮನೆಗೆ ಹೋದರು.

ಒಂದು ಬೆಳಗ್ಗೆ ಅತ್ತೆ ನಿದ್ದೆಗಣ್ಣಿನಲ್ಲಿ ತಮ್ಮ ಹಲ್ಲಿನ ಲೋಟಕ್ಕೆ ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಲಾವಾ ಕಲ್ಲು.

"ಅಳಿಯಂದ್ರೇ!" ಎಂದು ಬೊಚ್ಚುಬಾಯಲ್ಲೇ ಕೂಗಿದರು. "ನನ್ನ ಹಲ್ಲೆಲ್ಲಿ? ಜರಡಿ ಹಿಡಿದುಬಿಟ್ರಾ?"

"ಆ ಕಡೇದು ಅತ್ತೆ, ಬೆಕ್ಕಿನ ಕಾಳಿನ ಪಕ್ಕದ್ದು."

"ಇನ್ನೂ ಎಷ್ಟು ಪರೀಕ್ಷೆ ಬಾಕಿ ಇದೆ?"

"ಪ್ಯೂಮಿಸ್ಸು ಒಳ್ಳೇದೇ. ಆದ್ರೆ ಲಾವಾ ಜೊತೆ ಎಷ್ಟು ಪಾಲು ಸೇರಿಸ್ಬೇಕು ಅಂತ ಇನ್ನೂ ಗೊತ್ತಾಗಿಲ್ಲ. ಅವಸರ ಮಾಡಿದ್ರೆ ಆಗೋದಿಲ್ಲ."

ಹೆಂಡತಿ ಕಾರಿನ ಕೀಲಿಕೈ ಹುಡುಕುತ್ತಾ ಹೇಳಿದಳು: "ರೀ, ಗೇರು ಹಾಕೋಕೆ ಹೆದರಿ ಇಂಜಿನ್ ಬಿಸಿ ಮಾಡ್ತಾ ಕೂತಿರೋರನ್ನ ನಾನು ದಿನಾ ನೋಡ್ತೀನಿ. ಅವರು ಯಾರೂ ಊರು ಮುಟ್ಟಿಲ್ಲ."

ಅವಳ ಮಾತು ಹಲ್ಲಣ್ಣನಿಗೆ ನಾಟಿತು. ಕಲ್ಲುಗಳ ಗುಣ ಅವನಿಗೆ ಯಾವಾಗಲೋ ತಿಳಿದಿತ್ತು. ತಿಳಿಯದಿದ್ದುದು ಒಂದೇ: ಆ ಕುಂಡಕ್ಕೆ ಕೈ ಹಾಕುವ ಧೈರ್ಯ ಎಲ್ಲಿ ಸಿಗುತ್ತದೆಂದು. ಹಲ್ಲು ಸರಿಯಾಗದಿದ್ದರೆ ಮತ್ತೆ ಕಟ್ಟಬಹುದು. ಮರ ಸತ್ತರೆ ಅತ್ತೆ "ಏನ್ರೀ" ಎಂದು ಯಾರನ್ನು ಕರೆಯಬೇಕು? ಹೀಗೆ ಮೀನಮೇಷ ಎಣಿಸುತ್ತಿರುವಾಗಲೇ ಚಳಿ ಹಿಂದೆ ಸರಿಯಿತು. ಬೀದಿಯ ಮರಗಳ ಚಿಗುರುಗಣ್ಣುಗಳು ಉಬ್ಬತೊಡಗಿದವು.

ಅದನ್ನು ಅತ್ತೆಯೂ ಕಂಡಿದ್ದರು. ಒಂದು ದಿನ ಮಗಳು ಪಾಠಕ್ಕೆ ಹೋದ ಮೇಲೆ, ಅಳಿಯ ಹಿಂದಿನ ಕೋಣೆಯಲ್ಲಿ ಯಾರದೋ ದವಡೆ ಉಜ್ಜುತ್ತಿದ್ದಾಗ, ಅವರು ನಡುಮನೆಯಲ್ಲಿ ಹಳೆಯ ಚಾದರ ಹಾಸಿದರು. ಕುಂಡದ ಅಂಚಿಗೆ ದೋಸೆ ಮಗುಚುವ ಕೈ ತೂರಿಸಿ, ಸುತ್ತ ಆಡಿಸಿ, ಮರವನ್ನು ಬುಡಸಮೇತ ಮೇಲೆತ್ತಿದರು. ಆಮೇಲೆ ಕೂಗಿದರು.

ಓಡಿಬಂದ ಹಲ್ಲಣ್ಣ ಹೊಸಿಲಲ್ಲೇ ಕಲ್ಲಾದ. ದಾಳಿಂಬೆ ಚಾದರದ ಮೇಲೆ ಒರಗಿಕೊಂಡಿತ್ತು. ಅತ್ತೆ ಮರದ ಕಡ್ಡಿಯಿಂದ ಅದರ ಬೇರಿನ ಹೆಂಟೆ ಬಿಡಿಸುತ್ತಿದ್ದರು. ಹೊರಗಿನ ಬೇರೆಲ್ಲ ಕಪ್ಪಗೆ ಕೊಳೆತು, ಮುಟ್ಟಿದರೆ ನಾರಿನಂತೆ ಕಳಚುತ್ತಿತ್ತು.

"ಅತ್ತೆ! ಏನು ಮಾಡಿದ್ರಿ!"

"ನೀವು ಮಾಡ್ಬೇಕಾಗಿದ್ದನ್ನ. ಕೊಳೆತಿರೋದನ್ನ ಕತ್ತರಿಸಿ, ನನ್ನ ಕಣ್ಣಿಗೆ ಕಾಣ್ತಿಲ್ಲ. ಬೇಗ! ಬೇರು ಒಣಗ್ತಾ ಇದೆ."

"ಪಾಲು ಇನ್ನೂ..."

"ಪಾಲು ಆಮೇಲೆ ಮಾಡ್ಕೊಳ್ಳಿ, ನಾನು ಸತ್ತ ಮೇಲೆ ಪೆಟ್ಟಿಗೇದು. ಈಗ ಕತ್ತರಿ ಹಿಡೀರಿ."

ಅವನು ಕತ್ತರಿ ಹಿಡಿದ. ಕೊಳೆತದ್ದನ್ನೆಲ್ಲ ತೆಗೆಯುತ್ತಾ ಹೋದಂತೆ ನಡುವೆ ಒಂದು ಹಿಡಿ ಬೆಳ್ಳನೆಯ ಬೇರು ಕಂಡಿತು. "ಇದೆ ಅತ್ತೆ, ಜೀವ ಇದೆ" ಎಂದ. ಅತ್ತೆ ಕೇಳಿಸದವರಂತೆ ಎದ್ದುಹೋಗಿ, ಜರಡಿ ಹಿಡಿದಿಟ್ಟ ಡಬ್ಬಿಗಳನ್ನು ತಂದು ಬಾಣಲೆಗೆ ಸುರಿದರು. ಪ್ಯೂಮಿಸ್ ಒಂದಷ್ಟು, ಲಾವಾ ಒಂದಷ್ಟು, ಗಟ್ಟಿಯಾಗಿ ನಿಂತಿದ್ದ ಬೆಕ್ಕಿನ ಕಾಳು ಒಂದಷ್ಟು. ಕೈಯಳತೆ, ಕಣ್ಣಳತೆ. ಹಲ್ಲಣ್ಣ "ಅಯ್ಯೋ, ತೂಕ" ಎನ್ನುವಷ್ಟರಲ್ಲಿ ಕಲಸಿಯೂ ಆಗಿತ್ತು.

ಇಬ್ಬರೂ ಸೇರಿ ಮರವನ್ನು ಕುಂಡದಲ್ಲಿ ನಿಲ್ಲಿಸಿದರು. ಅತ್ತೆ ಹಿಡಿದುಕೊಂಡರು, ಅವನು ಕಾಳು ತುಂಬಿ, ಕಡ್ಡಿಯಿಂದ ಮೆಲ್ಲಗೆ ಬೇರಿನ ನಡುವೆ ಇಳಿಸಿದ. ತುಂಬಿದ ಮೇಲೆ ಅವನ ಕೈ ತನಗೆ ತಾನೇ ಕುಂಡವನ್ನೆತ್ತಿ ಹಿಂದಿನ ಕೋಣೆಯತ್ತ ಹೊರಟಿತು.

"ಎಲ್ಲಿಗೆ?" ಎಂದು ಅತ್ತೆ ಅಂಗಿಯ ತುದಿ ಹಿಡಿದು ಜಗ್ಗಿದರು. "ಆ ಗಡಗಡ ಯಂತ್ರಕ್ಕಾ? ಇಳಿಸಿ ಕೆಳಗೆ!"

ನೀರು ಹಾಕಿದರು. ಅದು ಮೇಲೆ ಒಂದು ಗಳಿಗೆಯೂ ನಿಲ್ಲದೆ, ಸುಯ್ಯೆಂದು ಕೆಳಗಿಳಿದು, ತಳದ ತೂತುಗಳಿಂದ ಚಾದರಕ್ಕೆ ಹರಿಯಿತು. ಅಳಿಯ ಮಂಡಿಯೂರಿ ಅದನ್ನೇ ನೋಡುತ್ತಾ ಕುಳಿತ.

ಆಮೇಲಿನ ಕಾಯುವಿಕೆ ಹಲ್ಲಣ್ಣನನ್ನು ಹಣ್ಣು ಮಾಡಿತು. ಬೀದಿಯ ಮರಗಳೆಲ್ಲ ಚಿಗುರಿದರೂ ದಾಳಿಂಬೆ ಬರಿಯ ಕಡ್ಡಿಯಾಗಿ ನಿಂತಿತ್ತು. ಅವನು ಹಲ್ಲುಜ್ಜುವ ಮೊದಲೇ ಹೋಗಿ ನೋಡುತ್ತಿದ್ದ, ಊಟದ ನಡುವೆ ಎದ್ದು ಹೋಗಿ ನೋಡುತ್ತಿದ್ದ. ತೊಗಟೆ ಕೆರೆದು ಹಸಿರಿದೆಯೇ ನೋಡಲು ಹೋಗಿ ಅತ್ತೆಯಿಂದ ಕೈಗೆ ಏಟು ತಿಂದ. ದಿನ ಕಳೆದಂತೆ ಜರಡಿಗಳನ್ನೆಲ್ಲ ತೊಳೆದು ಅಡುಗೆಮನೆಗೆ ಒಪ್ಪಿಸಿ, ಅತ್ತೆಯ ಎದುರಿಗೆ ಸುಳಿಯುವುದನ್ನೇ ಬಿಟ್ಟ. ವಿಚಿತ್ರವೆಂದರೆ ಅತ್ತೆ ಲವಲವಿಕೆಯಿಂದಿದ್ದರು. ಪಾತ್ರೆ ಜೋಡಿಸುವಾಗ ಏನೋ ಗುನುಗುತ್ತಿದ್ದರು.

ಇನ್ನೊಂದು ವಿಚಿತ್ರವನ್ನೂ ಅವನು ಗಮನಿಸಿದ. ಕಿಟಕಿಯತ್ತ ಬಾಗಿದ್ದ ಕೊಂಬೆ ಗೋಡೆಯತ್ತ ತಿರುಗಿತ್ತು. ಬೆಕ್ಕೇನಾದರೂ ತಳ್ಳಿತೇ ಎಂದರೆ ಬೆಕ್ಕಿನ ಕಾಳಿದ್ದರೂ ಮನೆಯಲ್ಲಿ ಬೆಕ್ಕಿರಲಿಲ್ಲ. ಸರಿಪಡಿಸೋಣವೆಂದು ಮರುದಿನ ಬೇಗನೆ ಹೋದರೆ, ಅತ್ತೆ ಕುಂಡದ ಮುಂದೆ ಬಗ್ಗಿ, ಕಳ್ಳರಂತೆ ಅದನ್ನು ತಿರುಗಿಸುತ್ತಿದ್ದರು.

"ಏನದು ಅತ್ತೆ?"

ಅತ್ತೆ ಬೆಚ್ಚಿಬಿದ್ದು ಸೆರಗನ್ನು ಮರಕ್ಕೆ ಅಡ್ಡ ಹಿಡಿದರು. ಅವನು ಸೆರಗು ಸರಿಸಿ ಬಗ್ಗಿ ನೋಡಿದ. ಗೋಡೆಯ ಕಡೆಯ ಕೊಂಬೆಯ ತುಂಬ ಚಿಗುರು, ಕೆಂಪಗೆ, ಹಸುಗೂಸಿನ ಉಗುರಿನ ಗಾತ್ರದ್ದು.

"ಯಾವಾಗ ಬಂತು ಇದು?"

"ಆಗ್ಲೇ ಬಂದಾಯ್ತು."

"ಮತ್ತೆ ಹೇಳ್ಬಾರ್ದಿತ್ತಾ! ನನ್ನ ಜೀವ ಹೋಗ್ತಾ ಇತ್ತು!"

"ಎಷ್ಟು ಕಾಲದ ಮೇಲೆ ಮನೇಲಿ ಜರಡಿ ಸದ್ದು ನಿಂತಿತ್ತು ಗೊತ್ತಾ? ಇನ್ನೊಂದು ನಾಕು ದಿನ ಇರ್ಲಿ ಅಂತ" ಎಂದರು ಅತ್ತೆ. ನಗು ತಡೆಯಲಾಗದೆ ಕಿಟಕಿಯ ಸರಳು ಹಿಡಿದುಕೊಂಡರು.

ಹಲ್ಲಣ್ಣನಿಗೆ ಕೋಪ ಬರಬೇಕಾಗಿತ್ತು. ಕಣ್ಣಲ್ಲಿ ನೀರು ಬಂತು. ಅದನ್ನು ಮರೆಸಲು ಅವನು ಚಿಗುರನ್ನು ಕಿರುಬೆರಳಿನಿಂದ ಮುಟ್ಟಿ, "ಪ್ಯೂಮಿಸ್ ಎಷ್ಟು ಹಿಡಿ ಹಾಕಿದ್ರಿ ಅತ್ತೆ? ನಿಜವಾಗ್ಲೂ ನೆನಪಿಲ್ವಾ? ಬೆಕ್ಕಿನ ಕಾಳು ಲಾವಾಗಿಂತ ಜಾಸ್ತಿ ಇತ್ತಾ, ಕಮ್ಮಿ ಇತ್ತಾ?" ಎಂದು ಶುರುಮಾಡಿದ.

"ಮಗಳೇ, ಬಾರೇ!" ಎಂದು ಅತ್ತೆ ಬೀದಿಗೆ ಕೇಳುವಂತೆ ಕೂಗಿದರು.

ಮನೆಯ ಮುಂದೆ ಆಗ ತಾನೇ ಪಾಠ ಆರಂಭಿಸಿದ್ದ ಹೆಂಡತಿ ಕಾರಿನಿಂದಿಳಿದು ಒಳಗೋಡಿ ಬಂದಳು. ಮೂವರ ತಲೆಯೂ ಕುಂಡದ ಮೇಲೆ ಬಾಗಿತು. ಹೊರಗೆ, ಬ್ರೇಕು ಯಾವುದೆಂದು ಇನ್ನೂ ತಿಳಿಯದ ಯಾರೋ ಒಬ್ಬರು ಕಾರಿನಲ್ಲಿ ಒಂಟಿಯಾಗಿ ಕುಳಿತು ಹಾರ್ನ್ ಬಾರಿಸುತ್ತಲೇ ಇದ್ದರು. ಬಹಳ ಹೊತ್ತು ಯಾರೂ ಹೋಗಲಿಲ್ಲ.